ಅರಿತವರ ತಪ್ಪು: ರನ್ನನ 'ಗದಾಯುದ್ಧ'ದಲ್ಲಿ ಹಿತವಚನ ಮತ್ತು ಅನಾಹುತ

ರನ್ನನ 'ಸಾಹಸಭೀಮವಿಜಯ' ಅಥವಾ 'ಗದಾಯುದ್ಧ'ವು ಯುದ್ಧಕಾವ್ಯವೆಂದು ಹೆಸರಾಗಿದೆ. ಆದರೆ ಅದರ ಬಹುಭಾಗ ನಡೆಯುವುದು ಯುದ್ಧವು ಹೆಚ್ಚುಕಡಮೆ ಮುಗಿದ ಮೇಲೆ. ದ್ರೋಣ, ಕರ್ಣ, ದುಶ್ಶಾಸನರು ಅಳಿದಿದ್ದಾರೆ, ಭೀಷ್ಮನು ಶರಶಯ್ಯೆಯಲ್ಲಿದ್ದಾನೆ, ಹನ್ನೊಂದು ಅಕ್ಷೌಹಿಣಿಯ ಒಡೆಯನಾಗಿದ್ದ ದುರ್ಯೋಧನನ ಪಕ್ಕದಲ್ಲಿ ಈಗ ಸಂಜಯನೊಬ್ಬನಿದ್ದಾನೆ. ಪಂಪನ 'ವಿಕ್ರಮಾರ್ಜುನವಿಜಯ'ದ ಹದಿಮೂರನೆಯ ಆಶ್ವಾಸದಲ್ಲಿ ಬೀಜರೂಪದಲ್ಲಿದ್ದ ಈ ಸನ್ನಿವೇಶವನ್ನು ರನ್ನನು ಹತ್ತು ಆಶ್ವಾಸಗಳ ಚಂಪುವಾಗಿ ಬೆಳೆಸಿದ. ಸಿಂಹಾವಲೋಕನ ಕ್ರಮದಿಂದ ಹಿಂದಿನ ಕಥೆಯನ್ನೆಲ್ಲ ತಿರುಗಿ ನೋಡುವ ವಿಧಾನವನ್ನು ಅವನು ಆರಿಸಿಕೊಂಡದ್ದರಿಂದ, ಆದುದೆಲ್ಲದರ ಲೆಕ್ಕವನ್ನು ಒಪ್ಪಿಸುವ ಅವಕಾಶ ಕಾವ್ಯಕ್ಕೆ ತಾನಾಗಿಯೇ ಒದಗಿತು.

ಹಾಗೆ ನೋಡಿದಾಗ ಕಾವ್ಯದ ನಡುವೆ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಅನಾಹುತವು ಕಣ್ಣೆದುರಿಗೇ ಬಿದ್ದಿದೆ. ಅದರ ಕಾರಣವನ್ನು ಬಲ್ಲವರು ಸುತ್ತಲೂ ಇದ್ದಾರೆ, ಬಾಯಿಬಿಟ್ಟು ಹೇಳುತ್ತಲೂ ಇದ್ದಾರೆ. ಆದರೂ ಅದು ಮುಂದುವರಿಯುವುದು ಏಕೆ?

1

ಈ ಪ್ರಶ್ನೆಗೆ ಕನ್ನಡ ವಿಮರ್ಶೆಯಲ್ಲಿ ಸಿದ್ಧವಾಗಿರುವ ಉತ್ತರ ದುರ್ಯೋಧನನ ಛಲ. ಪಂಪನು ತನ್ನ ಕಾವ್ಯದ ಕೊನೆಯಲ್ಲಿ ಭಾರತದ ಪಾತ್ರಗಳಿಗೆ ಒಂದೊಂದು ಗುಣವನ್ನು ಹಂಚುವಾಗ ದುರ್ಯೋಧನನ ಪಾಲಿಗೆ ಬಂದದ್ದು ಆ ಗುಣವೇ. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು 'ಗದಾಯುದ್ಧ ನಾಟಕಂ' ಆಗಿ ರೂಪಿಸಿದಾಗ, ಗ್ರೀಕ್ ರುದ್ರನಾಟಕಗಳ ಬೆಳಕು ಈ ಪಾತ್ರದ ಮೇಲೆ ಬಿತ್ತು. ಅಲ್ಲಿಂದ ಮುಂದೆ ದುರ್ಯೋಧನನು ಖಳನಾಗಿ ಉಳಿಯಲಿಲ್ಲ. ಒಂದೇ ದೋಷದಿಂದ ಕುಸಿದ ಮಹಾನುಭಾವನಾದ, ದುರಂತನಾಯಕನಾದ. ಈ ಓದು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಸೋತವನ ಅಂತರಂಗಕ್ಕೆ ರನ್ನನು ಕೊಟ್ಟ ಮರ್ಯಾದೆಯನ್ನು ಅದು ಗುರುತಿಸಿತು.

ಆದರೆ ಅದರಿಂದ ಒಂದು ನಷ್ಟವೂ ಆಯಿತು. ನಾಯಕನ ಒಂದು ದೋಷವೇ ಎಲ್ಲಕ್ಕೂ ಕಾರಣವೆಂದಾಗ, ಉಳಿದವರೆಲ್ಲ ನಿರಪರಾಧಿಗಳಾಗುತ್ತಾರೆ. ದೋಷವು ಭವ್ಯವಾದಷ್ಟೂ ಅದನ್ನು ತಡೆಯಬಹುದಿತ್ತು ಎಂಬ ವಿಚಾರ ಹಿಂದೆ ಸರಿಯುತ್ತದೆ. ಓದುಗನು ಛಲಕ್ಕೆ ತಲೆದೂಗಿ, ಸಾವಿಗೆ ಮರುಗಿ, ಪುಸ್ತಕವನ್ನು ಮುಚ್ಚಿಡುತ್ತಾನೆ. ಕಾವ್ಯವು ಹೇಳುತ್ತಿರುವುದು ಇಷ್ಟೇ ಅಲ್ಲ. ರನ್ನನ ರಣಭೂಮಿಯಲ್ಲಿ ಎರಡು ಬಗೆಯ ತಪ್ಪುಗಳಿವೆ: ಹಿತವನ್ನು ಕೇಳದವನದು ಒಂದು, ಹಿತವನ್ನು ಹೇಳಿ, ಅದು ತಿರಸ್ಕೃತವಾದ ಮೇಲೂ ಜೊತೆಗೇ ನಿಂತವರದು ಇನ್ನೊಂದು. ಎರಡನೆಯದು ವಿಮರ್ಶೆಯ ಗಮನಕ್ಕೆ ಅಷ್ಟಾಗಿ ಬಂದಿಲ್ಲ.

2

ಮೊದಲನೆಯ ತಪ್ಪಿನ ಸ್ವರೂಪವನ್ನು ರನ್ನನು ಬಹಳ ನಿಖರವಾಗಿ ಕಂಡಿದ್ದಾನೆ. ಧೃತರಾಷ್ಟ್ರ, ಗಾಂಧಾರಿಯರು ಸಂಧಿಗಾಗಿ ಅಂಗಲಾಚಿದ ಮೇಲೆ ದುರ್ಯೋಧನನು ಭೀಷ್ಮನನ್ನು ಕಾಣಲು ಸಂಜಯನೊಡನೆ ರಣಭೂಮಿಯನ್ನು ಹಾದು ಹೋಗುತ್ತಾನೆ. ಆನೆಗಳ ಹೆಣ, ಮುರಿದ ರಥ, ಕಾಲು ಜಾರಿಸುವ ನೆತ್ತರು. ನಡುವೆ ಅರಸನನ್ನು ಅಣಕಿಸುವ ಮರುಳುಗಳು. ಕನ್ನಡದಲ್ಲಿ 'ಮರುಳು' ಎಂಬ ಮಾತಿಗೆ ಪಿಶಾಚಿ ಎಂಬ ಅರ್ಥವೂ ಉಂಟು, ಬುದ್ಧಿಗೇಡಿತನ ಎಂಬ ಅರ್ಥವೂ ಉಂಟು. ಈ ರಣಭೂಮಿಯಲ್ಲಿ ಆ ಎರಡು ಅರ್ಥಗಳ ನಡುವಿನ ಅಂತರ ತೀರ ಕಡಮೆ.

ನಡೆಯುತ್ತ ನಡೆಯುತ್ತ ಅವನು ತನ್ನವರ ಶವಗಳನ್ನು ಒಂದೊಂದಾಗಿ ಕಾಣುತ್ತಾನೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಹಗೆಯ ಪಾಳಯದ ಬಾಲಕನಾದ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಮಗನ ಮುಂದೆ ಅವನಿಗೆ ಹೊಳೆಯುವುದು ಕ್ರಮದ ವಿಪರ್ಯಾಸ: ತಂದೆಗೆ ಮಗನು ಜಲದಾನ ಮಾಡಬೇಕಾದಲ್ಲಿ ಮಗನಿಗೆ ತಂದೆ ಮಾಡಬೇಕಾಗಿ ಬಂದಿದೆ. ತಮ್ಮನ ಮುಂದೆಯೂ ಅದೇ. ತಾಯ ಮೊಲೆಹಾಲಿನಿಂದ ಮೊದಲುಗೊಂಡು ಎಲ್ಲದರಲ್ಲಿಯೂ ಅಣ್ಣನ ಹಿಂದೆ ಬಂದವನು ಸಾವಿನಲ್ಲಿ ಮಾತ್ರ ಮುಂದೆ ಹೋಗಿದ್ದಾನೆ. ಕಿರಿಯರು ಹಿರಿಯರಿಗಿಂತ ಮೊದಲು ಅಳಿಯುವುದೇ ಯುದ್ಧವೆಂಬ ಅನಾಹುತದ ಗುರುತು. ಅದನ್ನು ದುರ್ಯೋಧನನೇ ಕಂಡಿದ್ದಾನೆ, ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದಾನೆ. ಅವನಿಗೆ ಅರಿವಿಲ್ಲವೆಂದು ಹೇಳುವಂತಿಲ್ಲ.

ಆದರೆ ಆ ಅರಿವು ತಿರುಗುವ ದಿಕ್ಕು ಬೇರೆ. ಕ್ರಮ ತಪ್ಪಿಸಿದವರು ಯಾರು ಎಂಬ ಕೇಳ್ವಿ ಅವನಲ್ಲಿ ಹುಟ್ಟುವುದಿಲ್ಲ. ಕೊಂದವನನ್ನು ತಾನಿನ್ನೂ ಕೊಲ್ಲಲಿಲ್ಲವಲ್ಲ ಎಂಬ ನಾಚಿಕೆ ಹುಟ್ಟುತ್ತದೆ. ತಾನು ಕಾದುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎನ್ನುತ್ತಾನೆ. ಕರ್ಣನನ್ನು ಕೊಲ್ಲಿಸಿದ ನೆಲ ತನಗೆ ಪಾಳುನೆಲ ಎನ್ನುತ್ತಾನೆ. ಯುದ್ಧವು ಮೊದಲಾದದ್ದು ನೆಲಕ್ಕಾಗಿ. ಈಗ ನೆಲ ಬೇಡವಾಗಿದೆ, ಆದರೂ ಯುದ್ಧ ಬೇಕಾಗಿದೆ. ಮೊದಲಿನ ಕಾರಣ ಸತ್ತಿದೆ. ಸತ್ತವರೇ ಹೊಸ ಕಾರಣವಾಗಿದ್ದಾರೆ. ನಷ್ಟವು ದೊಡ್ಡದಾದಷ್ಟೂ ನಿಲ್ಲಿಸುವುದು ಕಷ್ಟವಾಗುತ್ತದೆ, ಏಕೆಂದರೆ ನಿಲ್ಲಿಸಿದರೆ ಇದುವರೆಗಿನ ಸಾವುಗಳೆಲ್ಲ ವ್ಯರ್ಥವಾದವೆಂದು ಒಪ್ಪಿದಂತಾಗುತ್ತದೆ. ಅನಾಹುತವು ತಾನೇ ಗುರುವಾಗಿ ಪಾಠ ಹೇಳುತ್ತದೆಯೆಂಬ ಲೋಕದ ನಂಬಿಕೆಯನ್ನು ರನ್ನನು ಇಲ್ಲಿ ಸುಳ್ಳಾಗಿಸಿದ್ದಾನೆ. ಶವಗಳು ಏನನ್ನೂ ಹೇಳುವುದಿಲ್ಲ. ನೋಡುವವನು ಅವುಗಳ ಬಾಯಲ್ಲಿ ತನ್ನ ಮಾತನ್ನೇ ಇಡುತ್ತಾನೆ.

3

ಆದ್ದರಿಂದಲೇ ಪಾಠವನ್ನು ಬಾಯಿಬಿಟ್ಟು ಹೇಳುವವರು ಬೇಕು. ಕಾವ್ಯದಲ್ಲಿ ಅವರಿಗೇನೂ ಕೊರತೆಯಿಲ್ಲ. ಸಂಜಯ, ಧೃತರಾಷ್ಟ್ರ, ಗಾಂಧಾರಿ, ಭೀಷ್ಮ, ಈ ನಾಲ್ವರೂ ಸಂಧಿಯನ್ನೇ ಹೇಳುತ್ತಾರೆ. ನಾಲ್ವರ ಮಾತೂ ಸರಿಯಾದ ಮಾತು. ಆದರೆ ಆ ಮಾತು ತಿರಸ್ಕೃತವಾದ ಮರುಕ್ಷಣ ಅವರು ಏನು ಮಾಡಿದರು ಎಂಬುದನ್ನೂ ಕಾವ್ಯ ದಾಖಲಿಸಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಭೀಷ್ಮನ ನಡೆ. ಶರಶಯ್ಯೆಯಲ್ಲಿರುವ ಪಿತಾಮಹನಿಗೆ ಇನ್ನು ಯಾವ ಹಂಗೂ ಇಲ್ಲ. ಸೇನಾಪತಿಯ ಪಟ್ಟ ಕಳಚಿದೆ, ಬದುಕಿನ ಆಸೆಯಿಲ್ಲ, ಸಾವು ಅವನ ಇಚ್ಛೆಯಲ್ಲಿದೆ. ಇಡೀ ಭಾರತದಲ್ಲಿ ಸತ್ಯವನ್ನು ನಿರ್ಭಯವಾಗಿ ಹೇಳಬಲ್ಲ ಒಬ್ಬನಿದ್ದರೆ ಅವನೇ. ಅವನು ಸಂಧಿಯನ್ನು ಹೇಳುತ್ತಾನೆ. ದುರ್ಯೋಧನನು ಒಪ್ಪುವುದಿಲ್ಲ. ಒಡನೆ ಭೀಷ್ಮನು ಇನ್ನೊಂದು ಸಲಹೆಯನ್ನು ಕೊಡುತ್ತಾನೆ: ಇಂದಿನ ದಿನ ವೈಶಂಪಾಯನ ಸರೋವರದಲ್ಲಿ ಅಡಗಿರು, ನಾಳೆ ಬಲರಾಮನು ಬರುತ್ತಾನೆ, ಅಶ್ವತ್ಥಾಮ, ಕೃಪ, ಕೃತವರ್ಮರು ಕೂಡಿಕೊಳ್ಳುತ್ತಾರೆ, ಆಮೇಲೆ ಕಾದು. ನೀರಿನೊಳಗೆ ಇರಲು ಬೇಕಾದ ಜಲಮಂತ್ರವನ್ನೂ ಅವನೇ ಉಪದೇಶಿಸುತ್ತಾನೆ.

ಈ ಭಾಗವನ್ನು ಕಥೆಯ ಜಾಡು ಮುಂದೆ ಸಾಗಲು ಬೇಕಾದ ಕೊಂಡಿಯೆಂದು ಓದಿ ಮುಂದೆ ಹೋಗುವುದು ರೂಢಿ. ಆದರೆ ಇಲ್ಲಿ ನಡೆದಿರುವುದು ಗಂಭೀರವಾದದ್ದು. ಯುದ್ಧ ತಪ್ಪೆಂದು ಹೇಳಿದ ಬಾಯಿಯೇ ಯುದ್ಧವನ್ನು ಮುಂದುವರಿಸುವ ಉಪಾಯವನ್ನು ಹೇಳಿದೆ. ಮೊದಲನೆಯ ಮಾತು ಹಿತವಚನ, ಎರಡನೆಯದು ರಣತಂತ್ರ. ಎರಡರ ನಡುವೆ ಒಂದು ಕ್ಷಣದ ಮೌನವೂ ಇಲ್ಲ. ಮೊಮ್ಮಗನ ಮೇಲಿನ ವಾತ್ಸಲ್ಯದಿಂದ ಹಾಗೆ ಮಾಡಿದನೆಂದು ಸಮಾಧಾನ ಹೇಳಬಹುದು. ಹಾಗೆ ಹೇಳಿದರೆ ಮಗನ ಮೇಲಿನ ವಾತ್ಸಲ್ಯದಿಂದ ಕುರುಡಾದ ಧೃತರಾಷ್ಟ್ರನಿಗೂ ಪಿತಾಮಹನಿಗೂ ಏನು ವ್ಯತ್ಯಾಸ?

ಭೀಷ್ಮನೊಬ್ಬನನ್ನೇ ದೂರುವುದರಿಂದ ಪ್ರಯೋಜನವಿಲ್ಲ. ಅವನ ಹಿಂದೆ ಒಂದು ಮೌಲ್ಯವ್ಯವಸ್ಥೆಯಿದೆ. ಹಳಗನ್ನಡ ಅದಕ್ಕೆ 'ಜೋಳದ ಪಾಳಿ' ಎಂಬ ಚೊಕ್ಕ ಹೆಸರನ್ನು ಕೊಟ್ಟಿದೆ: ಒಡೆಯನ ಜೋಳವನ್ನುಂಡವನು ಅದರ ಋಣವನ್ನು ತೀರಿಸಬೇಕೆಂಬ ಧರ್ಮ. ಒಡೆಯನೊಡನೆ ಪ್ರಾಣವನ್ನೂ ಬಿಡುವ 'ವೇಳೆವಾಳಿ' ಅದರ ತುದಿ. ವೀರಗಲ್ಲುಗಳು ಕೊಂಡಾಡುವುದು ಈ ಧರ್ಮವನ್ನು. ಪಂಪನ ಕರ್ಣನ ಹಿರಿಮೆಯೂ ಇದರಲ್ಲಿಯೇ ಇದೆ. ಈ ನಿಷ್ಠೆಯ ಭವ್ಯತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಡೆಯನು ತಪ್ಪಿದಾಗ ಏನು ಮಾಡಬೇಕೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಹೇಳಬಹುದು, ಹೇಳಿದ್ದನ್ನು ಕೇಳದಿದ್ದರೆ ಜೊತೆಗೇ ಸಾಯಬಹುದು. ನಡುವೆ ಇರುವ ಮೂರನೆಯ ದಾರಿ, ಎಂದರೆ ಜೊತೆ ನಿಲ್ಲಲಾರೆನೆಂದು ಹೊರಬರುವ ದಾರಿ, ಜೋಳದ ಪಾಳಿಯ ಲೆಕ್ಕದಲ್ಲಿ ದ್ರೋಹ. ದ್ರೋಣ, ಕೃಪ, ಭೀಷ್ಮರಂಥ ಬಲ್ಲವರು ಇಷ್ಟು ಮಂದಿ ಇದ್ದೂ ಹಸ್ತಿನಾವತಿ ಉಳಿಯದೆ ಹೋದದ್ದು ಈ ಮೂರನೆಯ ದಾರಿ ಮುಚ್ಚಿದ್ದರಿಂದ.

4

ಇದು ಕಾವ್ಯಲೋಕಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಬಿ. ಎಂ. ಶ್ರೀ. ಅವರೇ ಕನ್ನಡಕ್ಕೆ ತಂದ ಇನ್ನೊಂದು ಕೃತಿ ಇಲ್ಲಿ ನೆನಪಿಗೆ ಬರುತ್ತದೆ. 1935ರ 'ಪಾರಸಿಕರು' ಈಸ್ಕಿಲಸನ ನಾಟಕದ ಕನ್ನಡ ರೂಪ. ಕ್ರಿ.ಪೂ. 480ರ ಸಲಾಮಿಸ್ ನೌಕಾಯುದ್ಧದಲ್ಲಿ ಪಾರಸಿಕರ ಪಡೆ ಅಳಿದ ಎಂಟು ವರ್ಷಗಳಿಗೆ, ಕ್ರಿ.ಪೂ. 472ರಲ್ಲಿ, ಅದು ಅಥೆನ್ಸಿನ ರಂಗದ ಮೇಲೆ ಬಂದಿತು. ಗೆದ್ದ ಊರಿನ ಕವಿ ಸೋತವರ ಅರಮನೆಯಲ್ಲಿ ನಿಂತು ಬರೆದ ನಾಟಕವದು. ಸತ್ತ ಅರಸ ಡೇರಿಯಸನ ಪ್ರೇತ ಎದ್ದುಬಂದು ಮಗ ಕ್ಸರ್ಕ್ಸೀಸನ ತಪ್ಪನ್ನು ಹೆಸರಿಸುತ್ತದೆ: ಸಮುದ್ರಕ್ಕೆ ಸಂಕಲೆ ತೊಡಿಸಿದಂತೆ ಸೇತುವೆ ಕಟ್ಟಿ ದಾಟಿದ ಅತಿಕ್ರಮ. ಶರಶಯ್ಯೆಯ ಭೀಷ್ಮನೂ ಗೋರಿಯಿಂದೆದ್ದ ಡೇರಿಯಸನೂ ಒಂದೇ ಹುದ್ದೆಯವರು. ಸಾವಿನ ಅಂಚಿನಿಂದ ಮಾತಾಡುವ ಹಿರಿಯರು ಅವರು.

ನಾಟಕವನ್ನು ನೋಡಿದ ಅಥೆನ್ಸ್ ಅದರಿಂದ ಕಲಿತದ್ದೇನು? ಪಾರಸಿಕರು ಸೋತದ್ದು ಅವರ ಅಹಂಕಾರದಿಂದ ಎಂಬುದನ್ನಷ್ಟೇ. ಅದೇ ಅಥೆನ್ಸ್ ಮುಂದೆ ತನ್ನ ಮಿತ್ರಕೂಟವನ್ನು ಸಾಮ್ರಾಜ್ಯವಾಗಿಸಿಕೊಂಡು ಕ್ರಿ.ಪೂ. 415ರಲ್ಲಿ ಕಡಲಾಚೆಯ ಸಿಸಿಲಿಯ ಮೇಲೆ ದಂಡೆತ್ತಿ ಹೋಯಿತು. ಥುಸಿಡಿಡೀಸನ ಇತಿಹಾಸದಲ್ಲಿ ಆ ನಿರ್ಧಾರದ ಸಭೆಯ ವಿವರವಿದೆ. ನಿಕಿಯಾಸ್ ಎಂಬ ಅನುಭವಿ ಸೇನಾನಿ ದಂಡಯಾತ್ರೆ ಬೇಡವೆಂದು ವಾದಿಸಿದ. ಸಭೆ ಕೇಳಲಿಲ್ಲ. ಆಗ ಅವನು, ಹೋಗುವುದಾದರೆ ಇಷ್ಟೊಂದು ಹಡಗು, ಇಷ್ಟೊಂದು ಸೈನ್ಯ ಬೇಕಾಗುತ್ತದೆ ಎಂದು ದೊಡ್ಡ ಲೆಕ್ಕ ಕೊಟ್ಟ. ವೆಚ್ಚಕ್ಕೆ ಹೆದರಿ ಹಿಂಜರಿದಾರು ಎಂಬುದು ಅವನ ಎಣಿಕೆ. ಸಭೆ ಹಿಂಜರಿಯಲಿಲ್ಲ, ಕೇಳಿದ್ದನ್ನೆಲ್ಲ ಮಂಜೂರು ಮಾಡಿತು. ಎಚ್ಚರಿಕೆಯ ಮಾತೇ ಅನಾಹುತದ ಗಾತ್ರವನ್ನು ಹಿಗ್ಗಿಸಿತು. ಬೇಡವೆಂದ ನಿಕಿಯಾಸನೇ ಸೇನಾನಿಗಳಲ್ಲೊಬ್ಬನಾಗಿ ಹೊರಟ. ಕ್ರಿ.ಪೂ. 413ರಲ್ಲಿ ಹಿಂದಿರುಗುವ ಅವಕಾಶವಿದ್ದಾಗ ಚಂದ್ರಗ್ರಹಣಕ್ಕೆ ಅಂಜಿ ದಿನಗಳನ್ನು ಕಳೆದ. ಪಡೆ ಪೂರ್ತಿ ನಾಶವಾಯಿತು. ಅವನನ್ನು ಸಿರಾಕ್ಯೂಸಿನವರು ಕೊಂದರು. ಏಳು ಸಾವಿರಕ್ಕೆ ಕಡಮೆಯಿಲ್ಲದ ಸೆರೆಯಾಳುಗಳು ಕಲ್ಲುಗಣಿಗಳಲ್ಲಿ ಹಸಿವು, ಬಿಸಿಲು, ಚಳಿಗಳಿಗೆ ಈಡಾದರು.

ನಿಕಿಯಾಸನ ಲೆಕ್ಕಕ್ಕೂ ಭೀಷ್ಮನ ಜಲಮಂತ್ರಕ್ಕೂ ಒಳಗಿನ ಸಂಬಂಧವಿದೆ. ಇಬ್ಬರೂ ಬೇಡವೆಂದರು; ಇಬ್ಬರೂ ಸಾಧನವನ್ನು ಒದಗಿಸಿದರು. ಅನಾಹುತಗಳ ಚರಿತ್ರೆಯಲ್ಲಿ ಹಟಮಾರಿಗಳ ಹೆಸರು ದೊಡ್ಡಕ್ಷರದಲ್ಲಿರುತ್ತದೆ. ಆದರೆ ಹಟಮಾರಿಯು ಒಬ್ಬನೇ ನಿಂತು ಒಂದು ರಾಜ್ಯವನ್ನು ಹಾಳುಮಾಡಲಾರ. ಅವನಿಗೆ ಬಲ್ಲವರ ನೆರವು ಬೇಕು.

5

ರನ್ನನ ಕಾವ್ಯವನ್ನು ಕೇಳಿದ ಸಭೆ ಯಾವುದು? ಕಲ್ಯಾಣದ ಚಾಲುಕ್ಯರದು. ತೈಲಪನ ಮಗನಾದ ಇರಿವಬೆಡಂಗ ಸತ್ಯಾಶ್ರಯನನ್ನು ಕವಿ ಭೀಮನೊಡನೆ ಅಭೇದವಾಗಿ ಕಂಡಿದ್ದಾನೆ; 'ಸಾಹಸಭೀಮ'ನೆಂಬುದು ಆ ಅರಸನ ಬಿರುದೇ ಆಗಿದೆ. ಆದ್ದರಿಂದ ಕಾವ್ಯದಲ್ಲಿ ರಣಭೂಮಿಯ ಪಾಠವೆಲ್ಲ ದುರ್ಯೋಧನನಿಗೆ, ಪಟ್ಟಾಭಿಷೇಕ ಭೀಮನಿಗೆ. ಸಭೆಯಲ್ಲಿ ಕುಳಿತ ಅರಸನು ತನ್ನನ್ನು ಭೀಮನಲ್ಲಿ ಕಾಣುತ್ತಾನೆ. ಹೆಣಗಳ ನಡುವೆ ಎಡವುತ್ತ ನಡೆಯುವವನು ಬೇರೆ ಯಾರೋ. ಅಥೆನ್ಸಿನವರಿಗೆ ಕ್ಸರ್ಕ್ಸೀಸ್ ಹೇಗೋ ಹಾಗೆ.

ಆ ಅರಸನ ಕಾಲದ ನಿಜವಾದ ರಣಭೂಮಿಯ ಚಿತ್ರ ಕಾವ್ಯದಲ್ಲಿಲ್ಲ, ಕಲ್ಲಿನಲ್ಲಿದೆ. ಶಕವರ್ಷ 929ರ, ಎಂದರೆ ಕ್ರಿ.ಶ. 1007ರ ಸುಮಾರಿನ ಹೊಟ್ಟೂರಿನ ಶಾಸನವು ಚೋಳರ ದಂಡಯಾತ್ರೆಯನ್ನು ದಾಖಲಿಸಿದೆ. ಒಂಬತ್ತು ಲಕ್ಷ ಸೈನ್ಯದೊಡನೆ ಬಂದ ರಾಜೇಂದ್ರ ಚೋಳನು ನಾಡನ್ನು ಸೂರೆಗೊಂಡು ಹೆಂಗಸರು, ಮಕ್ಕಳು, ಬ್ರಾಹ್ಮಣರನ್ನು ಕೊಂದನೆಂದೂ ಸತ್ಯಾಶ್ರಯನು ಅವನನ್ನು ಹಿಮ್ಮೆಟ್ಟಿಸಿದನೆಂದೂ ಅದು ಹೇಳುತ್ತದೆ. ಸೈನ್ಯದ ಸಂಖ್ಯೆಯನ್ನು ಅತಿಶಯೋಕ್ತಿಯೆಂದೇ ತಿಳಿಯಬೇಕು. ನೋವಿನ ಮಾತನ್ನು ಹಾಗೆ ತಳ್ಳಿಹಾಕುವಂತಿಲ್ಲ. ಇದೇ ಯುದ್ಧದ ಇನ್ನೊಂದು ಮುಖ ತಂಜಾವೂರಿನ ಬೃಹದೀಶ್ವರ ದೇವಾಲಯದ ಶಾಸನದಲ್ಲಿದೆ. ಸತ್ಯಾಶ್ರಯನನ್ನು ಗೆದ್ದು ಹಿಂದಿರುಗಿದಾಗ ರಾಜರಾಜನು ದೇವರಿಗೆ ಅರ್ಪಿಸಿದ ಚಿನ್ನದ ಹೂಗಳ ಲೆಕ್ಕ ಅಲ್ಲಿದೆ. ಒಂದು ಕಡೆ ಸತ್ತ ಮಕ್ಕಳು, ಇನ್ನೊಂದು ಕಡೆ ಚಿನ್ನದ ಹೂಗಳು. ಎರಡು ಕಲ್ಲುಗಳನ್ನೂ ಒಟ್ಟಿಗೆ ಓದದೆ ಆ ಯುದ್ಧ ಅರ್ಥವಾಗುವುದಿಲ್ಲ.

ಅಲ್ಲಿಗೆ ಅದು ನಿಲ್ಲಲೂ ಇಲ್ಲ. ರಾಜಾಧಿರಾಜ ಚೋಳನು ಕಲ್ಯಾಣವನ್ನು ಸುಟ್ಟು ಅಲ್ಲಿಯ ದ್ವಾರಪಾಲಕ ವಿಗ್ರಹವನ್ನು ಹೊತ್ತೊಯ್ದ; ಪೀಠದ ಮೇಲೆ ಆ ಗೆಲವಿನ ಬರಹವಿರುವ ವಿಗ್ರಹ ಇಂದಿಗೂ ತಮಿಳುನಾಡಿನಲ್ಲಿದೆ. 1054ರಲ್ಲಿ ಕೊಪ್ಪದ ಯುದ್ಧದಲ್ಲಿ ಅದೇ ರಾಜಾಧಿರಾಜನು ಚಾಲುಕ್ಯ ಸೋಮೇಶ್ವರನ ಪಡೆಯ ಕೈಯಲ್ಲಿ ಮಡಿದ. ಅವನ ತಮ್ಮ ಎರಡನೆಯ ರಾಜೇಂದ್ರನು ರಣರಂಗದಲ್ಲಿಯೇ ಕಿರೀಟ ತೊಟ್ಟು ಕಾದಾಟವನ್ನು ಮುಂದುವರಿಸಿದ. ಅಣ್ಣನ ಹೆಣ ಬಿದ್ದಲ್ಲೇ ತಮ್ಮನಿಗೆ ಪಟ್ಟ. ದುರ್ಯೋಧನನ ತರ್ಕ ಕಾವ್ಯವನ್ನು ಬಿಟ್ಟು ಚರಿತ್ರೆಗೆ ಇಳಿದಂತೆ ಕಾಣುತ್ತದೆ. ತಲೆಮಾರುಗಳ ಕಾಲ ರಕ್ತ ಹರಿದ ಮೇಲೆಯೂ ತುಂಗಭದ್ರೆಯ ಆಚೀಚಿನ ಎಲ್ಲೆ ಹೆಚ್ಚೇನೂ ಕದಲಲಿಲ್ಲ.

ಇಲ್ಲಿ ರನ್ನನ ಸ್ಥಾನವನ್ನೂ ಕೇಳಲೇಬೇಕು. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ಅವನೂ ಅರಸನ ಜೋಳವನ್ನುಂಡವನೇ. ಯುದ್ಧದ ಹೊರೆ ಹೊರುವವರು ಯಾರೆಂಬುದು ಅವನಿಗೆ ಗೊತ್ತಿರಲಿಲ್ಲವೆನ್ನುವಂತಿಲ್ಲ. 993ರ 'ಅಜಿತಪುರಾಣ'ದಲ್ಲಿ ತನ್ನ ಆಶ್ರಯದಾತೆಯಾದ ಅತ್ತಿಮಬ್ಬೆಯ ಕಥೆಯನ್ನು ಅವನೇ ಹೇಳಿದ್ದಾನೆ. ದಂಡನಾಯಕ ನಾಗದೇವನು ಅಳಿದಾಗ ತಂಗಿ ಗುಂಡಮಬ್ಬೆ ಅವನೊಡನೆ ಚಿತೆಯೇರಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದು, ವ್ರತ ಮತ್ತು ದಾನಗಳಲ್ಲಿ ಬಾಳಿದಳು. ಇಷ್ಟನ್ನು ಹತ್ತಿರದಿಂದ ಬಲ್ಲ ಕವಿ 'ಗದಾಯುದ್ಧ'ದ ರಣಭೂಮಿಯನ್ನು ಅಷ್ಟು ನಿರ್ದಯವಾಗಿ ತೋರಿಸಿ, ಕೊನೆಗೆ ಭೀಮನ ತಲೆಯ ಮೇಲೆ ಕಿರೀಟವಿಟ್ಟು ಅದರಲ್ಲಿ ತನ್ನ ಅರಸನ ಹೆಸರನ್ನು ಕೆತ್ತುತ್ತಾನೆ. ಮೊದಲು ಹಿತವಚನ, ಆಮೇಲೆ ಪಟ್ಟಾಭಿಷೇಕ. ಭೀಷ್ಮನ ದಾರಿಯೇ ಕವಿಯ ದಾರಿಯೂ ಆಗಿದೆ.

ಇದನ್ನು ರನ್ನನ ಮೇಲಿನ ಆರೋಪವಾಗಿ ಮಾತ್ರ ತೆಗೆದುಕೊಂಡರೆ ಅನ್ಯಾಯವಾಗುತ್ತದೆ. ಆಸ್ಥಾನಕವಿಗೆ ಮೂರನೆಯ ದಾರಿ ಭೀಷ್ಮನಿಗಿಂತಲೂ ಇಕ್ಕಟ್ಟಾಗಿತ್ತು. ಅದರ ನಡುವೆಯೂ ಅವನು ಒಂದು ಕೆಲಸ ಮಾಡಿದ: ಕಾವ್ಯದ ಅತ್ಯಂತ ಮಾನವೀಯವಾದ ಮಾತುಗಳನ್ನು ಗೆದ್ದವನಿಗೆ ಕೊಡದೆ ಸೋತವನಿಗೆ ಕೊಟ್ಟ. ಭೀಮನ ಗರ್ಜನೆಗಿಂತ ದುರ್ಯೋಧನನ ಶೋಕವೇ ಸಾವಿರ ವರ್ಷ ಓದುಗರ ನಾಲಿಗೆಯ ಮೇಲೆ ಉಳಿದಿದೆ. ಅರಸನಿಗೆ ನೇರವಾಗಿ ಹೇಳಲಾಗದ್ದನ್ನು ಅರಸನ ಹಗೆಯ ಬಾಯಲ್ಲಿ ಹೇಳಿಸಿದ್ದಾನೆ ಎಂದು ಓದಲು ಅಲ್ಲಿ ಎಡೆಯಿದೆ. ಆದರೆ ಹಾಗೆ ಹೇಳಿದ ಪಾಠವು ಕೇಳಬೇಕಾದವನಿಗೆ ಕೇಳಿಸಲಿಲ್ಲ ಎಂಬುದೂ ಅಷ್ಟೇ ನಿಜ. ಗೆದ್ದವನಿಗೇ ಪಾಠ ಹೆಚ್ಚು ಬೇಕು. ಮುಂದಿನ ಯುದ್ಧವನ್ನು ಹೂಡುವ ಶಕ್ತಿ ಉಳಿದಿರುವುದು ಅವನಲ್ಲಿ.

6

ಹಿಂದಿನ ಅನಾಹುತಗಳಿಂದ ಪಾಠ ಕಲಿಯಬೇಕೆಂಬ ಮಾತು ಹೇಳಲು ಸುಲಭ. 'ಗದಾಯುದ್ಧ'ವು ಆ ಸುಲಭವನ್ನು ಕಸಿದುಕೊಳ್ಳುತ್ತದೆ. ಅದರಲ್ಲಿ ಪಾಠ ಗೊತ್ತಿಲ್ಲದವರು ಯಾರೂ ಇಲ್ಲ. ದುರ್ಯೋಧನನಿಗೂ ಗೊತ್ತು, ಸಂಜಯನಿಗೂ ಗೊತ್ತು, ಭೀಷ್ಮನಿಗಂತೂ ಮೊದಲಿನಿಂದಲೂ ಗೊತ್ತು. ಕೊರತೆಯಿದ್ದದ್ದು ಅರಿವಿನಲ್ಲಲ್ಲ, ಅರಿವಿಗೆ ಒಪ್ಪುವಂತೆ ನಿಷ್ಠೆಯನ್ನು ಹಿಂತೆಗೆದುಕೊಳ್ಳುವ ಧೈರ್ಯದಲ್ಲಿ. ದುರ್ಯೋಧನನ ಛಲವನ್ನು ಕೊಂಡಾಡುವ ವಿಮರ್ಶೆಯು ಈ ಕೊರತೆಯನ್ನು ಮರೆಸುತ್ತದೆ, ಮತ್ತು ತನಗರಿವಿಲ್ಲದೆ ಜೋಳದ ಪಾಳಿಯನ್ನೇ ಮುಂದುವರಿಸುತ್ತದೆ.

ಆದ್ದರಿಂದ ಈ ಕಾವ್ಯವನ್ನು ಮತ್ತೊಮ್ಮೆ ಓದುವಾಗ ಕಣ್ಣು ನಾಯಕನಿಂದ ಸ್ವಲ್ಪ ಆಚೆ ಸರಿಯಬೇಕು. ಸರೋವರದ ದಡದಲ್ಲಿ ನಿಂತು ನೀರಿನೊಳಗೆ ಇಳಿಯುವವನನ್ನು ನೋಡುವ ಮೊದಲು, ಆ ನೀರಿನ ಮಂತ್ರವನ್ನು ಕಲಿಸಿದವರು ಯಾರೆಂದು ಕೇಳಬೇಕು. ಆಮೇಲೆ ಹೊಟ್ಟೂರಿನ ಕಲ್ಲನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಕವಿಚಕ್ರವರ್ತಿಯ ರಣಭೂಮಿಯಲ್ಲಿ ಬಿದ್ದಿರುವವರೆಲ್ಲ ಹೆಸರುಳ್ಳ ವೀರರು. ಆ ಶಾಸನದಲ್ಲಿ ಬಿದ್ದಿರುವ ಹೆಂಗಸರು, ಮಕ್ಕಳಿಗೆ ಹೆಸರಿಲ್ಲ, ಛಲವೂ ಇರಲಿಲ್ಲ.